‘ದಹಾಡ್’ ನೋಡಿದವರು ಏನಂತೀರಿ? ನಮ್ಮ ಕರಾವಳಿಯ ಕೊಲೆಗಳು ರಾಜಸ್ಥಾನಕ್ಕೆ ಹೋದ ಬಗ್ಗೆ

ರಾತ್ರಿಪಾಳಿ

‘ದಹಾಡ್’ ಕೊನೆಗೂ ನೋಡಿ ಮುಗಿಸಿದೆ. 2023ರ ಮೇ ತಿಂಗಳಲ್ಲೇ ಪ್ರೈಮ್ ವಿಡಿಯೋಗೆ ಬಂದ ಸರಣಿ. ನಾನು ನೋಡುವ ಹೊತ್ತಿಗೆ ಎಲ್ಲರೂ ನೋಡಿ ಮರೆತಾಗಿದೆ. ಇರಲಿ, ಮಾತಾಡಲು ಬಾಯಿ ತುರಿಸುತ್ತಿದೆ.

ನೋಡದವರಿಗೆ ಎರಡು ಮಾತು. ರಾಜಸ್ಥಾನದ ಮಂಡಾವಾ ಅನ್ನುವ ಸಣ್ಣ ಊರು. ಸಾರ್ವಜನಿಕ ಶೌಚಾಲಯಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಹೆಣವಾಗಿ ಸಿಕ್ಕಿರುತ್ತಾರೆ. ಎಲ್ಲವೂ ಆತ್ಮಹತ್ಯೆ ಅಂತ ಫೈಲು ಮುಚ್ಚಿರುತ್ತದೆ. ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ (ಸೋನಾಕ್ಷಿ ಸಿನ್ಹಾ) ಇದರ ಬೆನ್ನು ಹತ್ತುತ್ತಾಳೆ. ಕೊಲೆಗಾರ ಯಾರು ಅಂತ ನಮಗೆ ಬೇಗನೇ ಗೊತ್ತಾಗುತ್ತದೆ. ಕಾಲೇಜಿನಲ್ಲಿ ಹಿಂದಿ ಪಾಠ ಮಾಡುವ, ಬಿಡುವಿನಲ್ಲಿ ವ್ಯಾನಿನ ತುಂಬ ಪುಸ್ತಕ ಹೇರಿಕೊಂಡು ಹಳ್ಳಿ ಮಕ್ಕಳಿಗೆ ಓದಿಸುವ ಮೇಷ್ಟ್ರು (ವಿಜಯ್ ವರ್ಮಾ). ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಸೇರಿ ಕಟ್ಟಿದ ಕಥೆ, ಎಂಟು ಕಂತು.

ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತಾ? ಅನ್ನಿಸಲೇಬೇಕು. ವರದಕ್ಷಿಣೆ ಬೇಡ, ಮದುವೆ ಆಗೋಣ ಅಂತ ನಂಬಿಸುವುದು. ದೂರದ ಊರಿಗೆ ಕರೆದುಕೊಂಡು ಹೋಗುವುದು. ಗರ್ಭ ನಿಲ್ಲದಿರಲು ಮಾತ್ರೆ ಅಂತ ಸಯನೈಡ್ ಕೊಡುವುದು. ನಮ್ಮ ದಕ್ಷಿಣ ಕನ್ನಡದ ‘ಸಯನೈಡ್ ಮೋಹನ್’ ಮಾಡಿದ್ದು ಇದನ್ನೇ. 20 ಹೆಂಗಸರ ಕೊಲೆ. ಸರಣಿಯವರು ಊರು, ಭಾಷೆ, ಹೆಸರು ಎಲ್ಲ ಬದಲಿಸಿದ್ದಾರೆ. ಎಲುಬು ಮಾತ್ರ ಅದೇ.

ನನಗೆ ಸರಣಿ ಹಿಡಿಸಿತು. ಆದರೆ ಒಂದು ತಕರಾರು ಇದೆ. ನೋಡಿದವರೆಲ್ಲ ಕೊಲೆಗಾರ ಎಷ್ಟು ಜಾಣ, ಎಷ್ಟು ತಣ್ಣಗಿದ್ದಾನೆ ಅಂತಲೇ ಮಾತಾಡುತ್ತಾರೆ. ನನಗೆ ಅವನಲ್ಲಿ ಅಂಥ ಜಾಣತನ ಕಾಣಲಿಲ್ಲ. ಒಂದೇ ಉಪಾಯ, ಒಂದೇ ವಿಷ, ಒಂದೇ ಬಗೆಯ ಜಾಗ, ವರ್ಷಗಟ್ಟಲೆ. ಅಷ್ಟು ಸಲ ಒಂದೇ ಥರ ಮಾಡಿಯೂ ಸಿಕ್ಕಿಬೀಳಲಿಲ್ಲ ಅಂದರೆ ನೋಡಬೇಕಾದವರು ನೋಡಿಲ್ಲ ಅಂತ ಅರ್ಥ. ಸರಣಿ ಅದನ್ನು ಮುಟ್ಟುತ್ತದೆ, ಆಮೇಲೆ ಬೈಕ್ ಹತ್ತಿದ ನಾಯಕಿಯ ಹಿಂದೆ ಓಡಿಬಿಡುತ್ತದೆ. ನಿಮಗೆ ಏನನ್ನಿಸಿತು? (ಕಥೆಯ ಗುಟ್ಟು ಹೇಳಬಹುದು, ಹಳೆಯ ಸರಣಿ.)

ಬಂಟ್ವಾಳದವಳು

ನಾನು ಆ ಕಡೆಯವಳು ಮಾರಾಯ್ರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಒಂದು ವ್ಯತ್ಯಾಸ. ನಿಜದವನು ಕಾಲೇಜು ಅಧ್ಯಾಪಕ ಅಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಿ.ಟಿ. ಮಾಸ್ಟ್ರು. ಕೊಲೆಗಳ ಕಾಲಕ್ಕೆ ಆ ಕೆಲಸವೂ ಹೋಗಿತ್ತು. ಆದರೂ ‘ಮಾಸ್ಟ್ರು’, ‘ಸರಕಾರಿ ಕೆಲಸ’ ಅನ್ನುವ ಎರಡು ಮಾತಿಗೆ ನಮ್ಮೂರಲ್ಲಿ ಎಷ್ಟು ಬೆಲೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸರಣಿ ಆ ಒಂದು ವಿಷಯವನ್ನು ಸರಿಯಾಗಿ ಹಿಡಿದಿದೆ.

ಎರಡನೆಯದು, ಪ್ರಕರಣ ಹೊರಬಂದ ರೀತಿ. 2009ರ ಜೂನ್‌ನಲ್ಲಿ ನಮ್ಮ ತಾಲೂಕಿನ 22 ವರ್ಷದ ಹುಡುಗಿಯೊಬ್ಬಳು ನಾಪತ್ತೆ ಆದಳು. ಬೇರೆ ಧರ್ಮದ ಹುಡುಗ ಹಾರಿಸಿಕೊಂಡು ಹೋಗಿದ್ದಾನೆ ಅಂತ ಸುದ್ದಿ ಎದ್ದಿತು. ಠಾಣೆ ಮುಂದೆ ಜನ ಸೇರಿದರು, ಗಲಾಟೆ ಆಯಿತು. ಆಮೇಲೆ ತನಿಖೆಗೆ ಬಿರುಸು ಬಂತು. ಹುಡುಗಿಯ ಫೋನ್ ಕರೆಗಳ ಪಟ್ಟಿ ತೆಗೆದರೆ ಅದು ಇನ್ನೊಬ್ಬ ನಾಪತ್ತೆಯಾದ ಹೆಂಗಸಿನ ನಂಬರಿಗೆ ಹೋಯಿತು. ಅಲ್ಲಿಂದ ಮತ್ತೊಬ್ಬಳಿಗೆ. ಒಬ್ಬಳನ್ನು ಕೊಂದು ಅವಳ ಫೋನಿನಿಂದ ಮುಂದಿನವಳಿಗೆ ಕರೆ ಮಾಡುತ್ತಿದ್ದ. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ. ಬೇರೆ ಧರ್ಮದ ಹುಡುಗ ಯಾರೂ ಇರಲಿಲ್ಲ.

ಸರಣಿಯ ಮೊದಲ ಕಂತುಗಳಲ್ಲಿ ಇದು ಬರುತ್ತದೆ, ನೆನಪಿದೆಯಾ? ತಂಗಿ ಕಾಣೆಯಾಗಿದ್ದಾಳೆ ಅಂತ ಅಣ್ಣ ಠಾಣೆಗೆ ಬಂದರೆ ಯಾರೂ ಕಿವಿಗೊಡುವುದಿಲ್ಲ. ಮುಸ್ಲಿಂ ಹುಡುಗನ ಜೊತೆ ಹೋಗಿದ್ದಾಳೆ ಅಂತ ಹೇಳಿದ ಕೂಡಲೇ ಇಡೀ ಊರು ಎದ್ದು ಕೂರುತ್ತದೆ. ಅದನ್ನು ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಹುಡುಗಿ ಸತ್ತಿದ್ದಾಳಾ ಬದುಕಿದ್ದಾಳಾ ಅನ್ನುವುದಕ್ಕಿಂತ ಯಾರ ಜೊತೆ ಹೋದಳು ಅನ್ನುವುದು ದೊಡ್ಡದು ಅವರಿಗೆ.

ಮೈಸೂರಿನ ಅಳಿಯ

ಇದೇ ಅಲ್ವಾ ದೇವಸ್ಥಾನಕ್ಕೆ ಬರುವ ಹೆಂಗಸರಿಗೆ ಪೂಜೆ ಮಾಡಿಸ್ತೀನಿ ಅಂತ ಹೇಳಿ ಸಯನೈಡ್ ಕೊಟ್ಟಿದ್ದು? ಅದರಲ್ಲಿ ಒಬ್ಬ ಹೆಂಗಸೇ ಆರೋಪಿ ಅಂತ ನೆನಪು.

ಪುಸ್ತಕದ ಹುಳ

@ಮೈಸೂರಿನ ಅಳಿಯ, ಅದು ಬೇರೆ. ಅದು ‘ಸಯನೈಡ್ ಮಲ್ಲಿಕಾ’, ಕೆ.ಡಿ. ಕೆಂಪಮ್ಮ. ಬೆಂಗಳೂರಿನ ಸುತ್ತಮುತ್ತಲಿನ ಪ್ರಕರಣ. ಕಷ್ಟದಲ್ಲಿರುವ ಹೆಂಗಸರನ್ನು ದೇವಸ್ಥಾನಗಳಲ್ಲಿ ಗುರುತಿಸಿ, ಒಡವೆ ಹಾಕಿಕೊಂಡು ಪೂಜೆಗೆ ಬನ್ನಿ ಅಂತ ಕರೆದು ಕೊಲ್ಲುತ್ತಿದ್ದಳು. ಎರಡರಲ್ಲೂ ವಿಷ ಒಂದೇ, ಚಿನ್ನದ ಆಸೆಯೂ ಒಂದೇ, ಹಾಗಾಗಿ ಜನ ಕಲಸಿಬಿಡುತ್ತಾರೆ. ಅಂದಹಾಗೆ ಸಯನೈಡ್ ಎರಡು ಕಡೆಯೂ ಯಾಕೆ ಅಂದರೆ ಚಿನ್ನದ ಕೆಲಸದಲ್ಲಿ ಅದನ್ನು ಬಳಸುತ್ತಾರೆ. ಮೋಹನ್ ತಾನು ಚಿನ್ನದ ಕೆಲಸದವನು ಅಂತ ಹೇಳಿ ಅಂಗಡಿಯಿಂದ ಕೊಂಡಿದ್ದ. ಸರಣಿಯ ಕೊಲೆಗಾರನ ಅಡ್ಡಹೆಸರು ಏನು ಹೇಳಿ? ಸ್ವರ್ಣಕಾರ್. ಅವನ ಮನೆಯವರದು ಒಡವೆ ವ್ಯಾಪಾರ. ಬರೆದವರು ಪ್ರಕರಣವನ್ನು ಚೆನ್ನಾಗಿಯೇ ಓದಿದ್ದಾರೆ.

ಹುಬ್ಬಳ್ಳಿ ಮಂದಿ

ಎಲ್ಲಾರೂ ಹೊಗಳಾಕತ್ತೀರಿ, ನಾ ಒಬ್ಬ ಬೈತೀನಿ ನೋಡ್ರಿ.

ಎಂಟು ಕಂತು ಯಾಕೆ ಬೇಕಿತ್ತು? ಕೊಲೆಗಾರ ಯಾರು ಅಂತ ಮೊದಲೇ ಹೇಳಿಬಿಟ್ಟ ಮೇಲೆ ಐದರಲ್ಲಿ ಮುಗಿಸಬಹುದಿತ್ತು. ಒಂದು ಕಡೆ ಜಾತಿ. ಇನ್ನೊಂದು ಕಡೆ ನಾಯಕಿಯ ತಾಯಿ ಹಿಡಿದುಕೊಂಡು ತಿರುಗುವ ವರನ ಫೋಟೋಗಳು. ಮತ್ತೊಂದು ಕಡೆ ಪಾರ್ಘಿ ಅನ್ನುವ ಪೊಲೀಸನಿಗೆ ಮಗು ಬೇಡವೇ ಬೇಡ ಅನ್ನುವ ಗೊಂದಲ. ದೊಡ್ಡ ಸಾಹೇಬರ ಮನೆಯ ಜಗಳ ಬೇರೆ. ಎಲ್ಲ ಸೇರಿಸಿ ಕಡೆಗೆ ಕೊಲೆಗಾರ ಎಲ್ಲಿದ್ದಾನೆ ಅಂತ ನಾವೇ ಹುಡುಕಬೇಕು. ಇಂಥ ಸರಣಿಗಳಲ್ಲಿ ಈಗ ಇದೊಂದು ರೂಢಿ ಆಗಿಬಿಟ್ಟಿದೆ, ಕೊಲೆಯ ಬೆನ್ನಿಗೆ ಸಮಾಜದ ಎಲ್ಲ ಸಮಸ್ಯೆ ಕಟ್ಟಿ ಕಳಿಸುವುದು.

ನಟನೆ ಚಲೋ ಇದೆ. ಅದರಲ್ಲಿ ಗುಲ್ಶನ್ ದೇವಯ್ಯ ಬಹಳ ಚಲೋ.

ಫಿಲ್ಟರ್ ಕಾಫಿ

ಗುಲ್ಶನ್ ದೇವಯ್ಯ ನಮ್ಮ ಬೆಂಗಳೂರು ಹುಡುಗ ಸ್ವಾಮಿ! ಕೊಡವರ ಹುಡುಗ ರಾಜಸ್ಥಾನದ ಠಾಣಾಧಿಕಾರಿ ಆಗಿ ಆ ಹಿಂದಿ ಮಾತಾಡುತ್ತಾನೆ, ಎಲ್ಲೂ ಎಡವುವುದಿಲ್ಲ. ನಮ್ಮ ಪ್ರಕರಣವನ್ನೂ ಒಯ್ದರು, ನಮ್ಮ ಹುಡುಗನನ್ನೂ ಒಯ್ದರು.

ಕೆಂಪು ಶಾಯಿ

@ಹುಬ್ಬಳ್ಳಿ ಮಂದಿ ಅವರೇ, ಜಾತಿಯನ್ನು ನೀವು ‘ಒಂದು ಕಡೆ’ ಅಂದಿರಲ್ಲ, ಅಲ್ಲಿ ನನ್ನದು ಜಗಳ.

ಠಾಣೆಯಲ್ಲಿ ಅಂಜಲಿ ನಡೆದುಹೋದಾಗಲೆಲ್ಲ ಒಬ್ಬ ಊದುಬತ್ತಿ ಹಚ್ಚುತ್ತಾನೆ. ಯಾರೂ ಏನೂ ಹೇಳುವುದಿಲ್ಲ. ಅವಳೂ ಹೇಳುವುದಿಲ್ಲ. ಅವಳು ಮೇಘವಾಲ್ ಅನ್ನುವ ದಲಿತ ಜಾತಿಯವಳು, ಅಪ್ಪ ಮಗಳಿಗೆ ತೊಂದರೆ ಆಗಬಾರದು ಅಂತ ಅಡ್ಡಹೆಸರು ಬದಲಿಸಿದ್ದಾನೆ. ಅದು ಅಲಂಕಾರಕ್ಕೆ ಇಟ್ಟ ದೃಶ್ಯ ಅಲ್ಲ. ಸತ್ತ ಹುಡುಗಿಯರ ಮನೆಯವರ ದೂರನ್ನು ಯಾಕೆ ಯಾರೂ ತೆಗೆದುಕೊಳ್ಳಲಿಲ್ಲ ಅನ್ನುವುದಕ್ಕೆ ಆ ಊದುಬತ್ತಿಯೇ ಉತ್ತರ. ಮೇಲ್ಜಾತಿಯ ಹುಡುಗಿ ಓಡಿಹೋದರೆ ಜೀಪು ಹೊರಡುತ್ತದೆ. ಬಡ ಹುಡುಗಿ ಓಡಿಹೋದರೆ ‘ಓಡಿಹೋಗಿದ್ದಾಳೆ ಬಿಡಿ’.

ನಿಜ ಪ್ರಕರಣದಲ್ಲೂ ಜಾತಿ ಇತ್ತು. ಹುಡುಗಿ ಯಾವ ಜಾತಿಯವಳೋ ತಾನೂ ಅದೇ ಜಾತಿ ಅಂತ ಹೇಳಿಕೊಳ್ಳುತ್ತಿದ್ದ, ಅದಕ್ಕೆ ತಕ್ಕ ಹೆಸರು ಇಟ್ಟುಕೊಳ್ಳುತ್ತಿದ್ದ. ನಮ್ಮ ಜನ ಅಪರಿಚಿತನ ಬಗ್ಗೆ ಮೊದಲು ಏನು ವಿಚಾರಿಸುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಅದೊಂದಕ್ಕೆ ಉತ್ತರ ಸರಿ ಇದ್ದರೆ ಬೇರೆ ಯಾವುದನ್ನೂ ಕೇಳುವುದಿಲ್ಲ ಅಂತಲೂ ಗೊತ್ತಿತ್ತು.

ಹುಬ್ಬಳ್ಳಿ ಮಂದಿ

@ಕೆಂಪು ಶಾಯಿ, ಊದುಬತ್ತಿ ದೃಶ್ಯ ಒಪ್ಪಿದೆ. ಅದು ಒಂದು ನಿಮಿಷದಲ್ಲಿ ಹೇಳಿದ್ದನ್ನು ಆಮೇಲೆ ಮಾತಿನಲ್ಲಿ ಮೂರು ಸಲ ಹೇಳುತ್ತಾರಲ್ಲ, ನಾ ಬೈದದ್ದು ಅದಕ್ಕೆ.

ಹಳೇ ರೈಟರ್

ನಮಸ್ಕಾರ. ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿ, ಅಂದರೆ ದಾಖಲೆ ಬರೆಯುವವನಾಗಿ, ಕೆಲಸ ಮಾಡಿ ನಿವೃತ್ತನಾದವನು. ಸರಣಿಯನ್ನು ಮಗಳು ತೋರಿಸಿದಳು. ರಾತ್ರಿಪಾಳಿಯವರು ಎತ್ತಿದ ಪ್ರಶ್ನೆಗೆ, ನೋಡಬೇಕಾದವರು ಯಾಕೆ ನೋಡಲಿಲ್ಲ ಅನ್ನುವುದಕ್ಕೆ, ನನಗೆ ತಿಳಿದದ್ದು ಹೇಳುತ್ತೇನೆ. ಇದು ಸಮರ್ಥನೆ ಅಂತ ತಿಳಿಯಬೇಡಿ.

ಬಸ್ ನಿಲ್ದಾಣದ ಶೌಚಾಲಯದಲ್ಲಿ ಒಂದು ಹೆಣ ಸಿಕ್ಕಿತು ಅನ್ನಿ. ಒಳಗಿಂದ ಚಿಲಕ. ಮೈಮೇಲೆ ಗಾಯ ಇಲ್ಲ. ಅಕ್ಕಪಕ್ಕದಲ್ಲಿ ಯಾರೂ ಇಲ್ಲ. ಆಗ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಕಲಂನಲ್ಲಿ ಯುಡಿಆರ್ ಆಗುತ್ತಿತ್ತು, ಅಂದರೆ ಅಸಹಜ ಸಾವಿನ ವರದಿ. ಕೊಲೆ ಕೇಸು ಬೇರೆ, ಯುಡಿಆರ್ ಬೇರೆ. ಪಂಚನಾಮೆ, ಮರಣೋತ್ತರ ಪರೀಕ್ಷೆ, ಪತ್ರಿಕೆಯಲ್ಲಿ ಫೋಟೋ. ವಾರಸುದಾರರು ಬರಲಿಲ್ಲ ಅಂದರೆ ಮಣ್ಣು ಮಾಡುವುದು. ಒಳಾಂಗದ ಮಾದರಿಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸಿದರೂ ವರದಿ ಬರುವ ಹೊತ್ತಿಗೆ ಅಧಿಕಾರಿ ವರ್ಗ ಆಗಿರುತ್ತಾರೆ. ವಿಷದಿಂದ ಸಾವು ಅಂತ ಬಂತು ಅನ್ನಿ, ಬಾಗಿಲು ಒಳಗಿಂದ ಹಾಕಿತ್ತಲ್ಲ, ತಾನೇ ಕುಡಿದಿದ್ದಾಳೆ ಅಂತ ಮುಗಿಸುತ್ತಾರೆ. ಆ ಚಿಲಕವೇ ಅವನ ರಕ್ಷಣೆ. ಮಾತ್ರೆ ತೆಗೆದುಕೊಂಡ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ಶೌಚಾಲಯಕ್ಕೆ ಹೋಗಿಯೇ ನುಂಗು ಅಂತ ಹೇಳುತ್ತಿದ್ದನಂತೆ. ಚಿಲಕ ಅವರೇ ಹಾಕಿಕೊಳ್ಳುತ್ತಿದ್ದರು.

ಇನ್ನೊಂದು ಕಡೆ ಮನೆಯವರು. ಅವರು ದೂರು ಕೊಟ್ಟರೆ ತಮ್ಮೂರಿನ ಠಾಣೆಯಲ್ಲಿ ಕೊಡುತ್ತಾರೆ. ಹೆಣ ಸಿಕ್ಕಿದ್ದು ಮೈಸೂರಿನಲ್ಲೋ, ಮಡಿಕೇರಿಯಲ್ಲೋ, ಬೆಂಗಳೂರಿನಲ್ಲೋ. ಒಂದು ಜಿಲ್ಲೆಯಲ್ಲಿ ನಾಪತ್ತೆ ಫೈಲು, ಇನ್ನೊಂದು ಜಿಲ್ಲೆಯಲ್ಲಿ ಯುಡಿಆರ್ ಫೈಲು. ಎರಡೂ ಒಂದೇ ಹುಡುಗಿಯದು ಅಂತ ಹೇಳುವವರು ಯಾರು? ಠಾಣೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದೇ 2009ರಲ್ಲಿ. ಅವನು ಸಿಕ್ಕಿಬಿದ್ದ ವರ್ಷ.

ಸರಣಿಯಲ್ಲಿ ಅಂಜಲಿ ಹಳೇ ಫೈಲುಗಳನ್ನು ಮುಂದೆ ಹರಡಿಕೊಂಡು ಕೂರುತ್ತಾಳಲ್ಲ, ಅದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಚೇಸಿಂಗ್ ಗೀಸಿಂಗ್ ಎಲ್ಲ ಸಿನಿಮಾಕ್ಕೆ.

ರಾತ್ರಿಪಾಳಿ

ರೈಟರ್ ಸಾರ್, ಇದನ್ನು ಓದಿ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಒಂದು ಕೇಳುತ್ತೇನೆ. ಬೇರೆ ಬೇರೆ ಜಿಲ್ಲೆ ಸರಿ. ಆದರೆ ಮೈಸೂರು ಬಸ್ ನಿಲ್ದಾಣ ಒಂದರಲ್ಲೇ ಒಂದಲ್ಲ ಎರಡಲ್ಲ, ಹಲವು ಹೆಣ ಸಿಕ್ಕಿದ್ದವು. ಅದೇ ಶೌಚಾಲಯ, ಅದೇ ಠಾಣೆಯ ಸರಹದ್ದು, ರೇಷ್ಮೆ ಸೀರೆ ಉಟ್ಟು ಮದುಮಗಳ ಹಾಗೆ ಸಿಂಗರಿಸಿಕೊಂಡ ಹೆಂಗಸರು. ಇಷ್ಟು ಒಂದೇ ಥರ ಇದ್ದಾಗಲೂ ಯಾರಿಗೂ ತಟ್ಟಲಿಲ್ಲವಾ?

ಹಳೇ ರೈಟರ್

ತಟ್ಟಬೇಕಿತ್ತು. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ.

ಮೈಸೂರಿನ ಅಳಿಯ

ಆ ನಿಲ್ದಾಣದಲ್ಲಿ ಆ ವರ್ಷಗಳಲ್ಲಿ ನಾನು ವಾರ ವಾರ ಇಳಿಯುತ್ತಿದ್ದೆ. ಹೀಗೊಂದು ಆಗುತ್ತಿದೆ ಅಂತ ಕ್ಯಾಂಟೀನಿನಲ್ಲೂ ಒಂದು ಮಾತು ಕೇಳಿಲ್ಲ. ಶೌಚಾಲಯ ತೊಳೆಯುವವರಿಗಂತೂ ಗೊತ್ತಿದ್ದಿರಬೇಕು. ಅವರನ್ನು ಯಾರು ಕೇಳುತ್ತಾರೆ.

ಮರಳುಗಾಡಿನ ಕನ್ನಡಿಗ

ಅಬುಧಾಬಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ರೂಮಿನಲ್ಲಿ ಮಂಗಳೂರಿನವರು, ಕಾಸರಗೋಡಿನವರು, ಒಬ್ಬ ಜೈಪುರದವನು ಎಲ್ಲ ಸೇರಿ ನೋಡಿದೆವು. ಜೈಪುರದವನಿಗೆ ಇದು ಕರ್ನಾಟಕದ ಕಥೆ ಅಂತ ಹೇಳಿದರೆ ನಂಬಲಿಲ್ಲ. ‘ಇದು ನಮ್ಮೂರಿನ ಕಥೆಯೇ, ಊದುಬತ್ತಿ, ಠಾಕೂರರು, ಎಲ್ಲ ನಮ್ಮದೇ’ ಅಂದ. ಮಂಗಳೂರಿನವರಿಗೆ ಸಿಟ್ಟು, ನಮ್ಮದನ್ನು ಕದ್ದರು ಅಂತ.

ನನಗೆ ಅನ್ನಿಸುವುದು, ಬದಲಿಸಿದ್ದು ಒಳ್ಳೆಯದೇ ಆಯಿತು. ಮುಂಬೈಯವರು ಬಂದು ಕರಾವಳಿಯಲ್ಲೇ ಚಿತ್ರೀಕರಣ ಮಾಡಿದ್ದರೆ ಏನಾಗುತ್ತಿತ್ತು? ಎಲ್ಲರೂ ‘ಅಯ್ಯೋ ದೇವರೇ’ ಅಂತ ಒಂದು ವಿಚಿತ್ರ ರಾಗದಲ್ಲಿ ಮಾತಾಡುತ್ತಿದ್ದರು. ಹಿನ್ನೆಲೆಯಲ್ಲಿ ಮಳೆ, ಭೂತಕೋಲ, ಮತ್ತೆ ಮಳೆ. ಅದಕ್ಕಿಂತ ಇದು ವಾಸಿ.

ಪುಸ್ತಕದ ಹುಳ

ಭೂತಕೋಲ ಖಂಡಿತ ಇರುತ್ತಿತ್ತು. ಡ್ರೋನ್ ಶಾಟ್ ಸಮೇತ.

ಬಂಟ್ವಾಳದವಳು

ನಗು ಬಂತು, ಆದರೆ ನಾನು ಒಪ್ಪುವುದಿಲ್ಲ. ಊರು ಬದಲಾದಾಗ ಒಂದು ಮುಖ್ಯ ವಿಷಯ ಕೈ ತಪ್ಪಿತು. ಯಾಕೆ ಅಂತ ಹೇಳುತ್ತೇನೆ.

ಸರಣಿಯಲ್ಲಿ ಅವನ ಮನಸ್ಸಿನ ಕೊಳಕು ಮುಂದೆ ಬರುತ್ತದೆ. ಅಪ್ಪನ ಮೇಲಿನ ಸಿಟ್ಟು, ಹೆಂಗಸರ ಮೇಲಿನ ದ್ವೇಷ ಇತ್ಯಾದಿ. ಹಾಗಾಗಿ ಚಿನ್ನ ಹಿಂದಕ್ಕೆ ಸರಿಯುತ್ತದೆ. ನಮ್ಮಲ್ಲಿ ಇಡೀ ಕಥೆ ಚಿನ್ನದ ಸುತ್ತಲೇ ನಡೆಯಿತು. ನಮ್ಮ ಕಡೆ ಎಷ್ಟು ಬಡವರ ಮನೆಯಾದರೂ ಮಗಳಿಗೆ ಅಂತ ಒಂದು ಸರ, ಎರಡು ಬಳೆ ಇಡುತ್ತಾರೆ. ಬೀಡಿ ಕಟ್ಟಿ, ಮನೆಗೆಲಸ ಮಾಡಿ, ಸಂಘದಲ್ಲಿ ಸಾಲ ತೆಗೆದು ಕೂಡಿಸಿದ್ದು. ಅದು ಇದ್ದರೂ ಮದುವೆ ಆಗುವುದಿಲ್ಲ, ಯಾಕೆಂದರೆ ಗಂಡಿನವರು ಕೇಳುವುದು ಅದಕ್ಕಿಂತ ಜಾಸ್ತಿ. ಇಪ್ಪತ್ತೈದು ದಾಟಿತು, ಮೂವತ್ತಾಯಿತು. ಮದುವೆಮನೆಗೆ ಹೋದರೆ ‘ನಿಂದು ಯಾವಾಗ’ ಅಂತ ಕೇಳುತ್ತಾರೆ. ಹಾಗಾಗಿ ಹೋಗುವುದನ್ನೇ ಬಿಡುತ್ತಾರೆ. ಇಂಥ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಸಿಕ್ಕಿ, ಸರಕಾರಿ ಕೆಲಸ, ನಿನ್ನದೇ ಜಾತಿ, ವರದಕ್ಷಿಣೆ ಬೇಡ ಅಂದರೆ?

ಮಾರನೇ ದಿನ ದೇವಸ್ಥಾನದಲ್ಲಿ ಮದುವೆ ಅನ್ನುತ್ತಿದ್ದ. ಹೊರಡುವಾಗ ಒಡವೆ ಲಾಡ್ಜ್ ರೂಮಿನಲ್ಲೇ ಇಡು ಅನ್ನುತ್ತಿದ್ದ. ಆಮೇಲೆ ಬಸ್ ನಿಲ್ದಾಣದಲ್ಲಿ ಮಾತ್ರೆ. ಅವನು ರೂಮಿಗೆ ವಾಪಸ್ ಹೋಗಿ ಒಡವೆ ಎತ್ತಿಕೊಂಡು ಊರಿಗೆ.

‘ಹುಡುಗಿಯರು ಯಾಕೆ ಅಷ್ಟು ಬೇಗ ನಂಬಿದರು, ಬುದ್ಧಿ ಬೇಡವಾ’ ಅಂತ ಆ ಕಾಲದಲ್ಲೂ ಕೇಳುತ್ತಿದ್ದರು, ಈಗ ಸರಣಿ ನೋಡಿದವರೂ ಕೇಳುತ್ತಿದ್ದಾರೆ. ವರದಕ್ಷಿಣೆ ತೆಗೆದುಕೊಂಡವರು, ಕೊಟ್ಟವರು ಎಲ್ಲ ಸೇರಿ ಕೇಳುವ ಪ್ರಶ್ನೆ ಅದು. 1961ರಿಂದ ಕಾನೂನು ಇದೆ. ಯಾರ ಮದುವೆಯಲ್ಲಿ ನಿಂತಿದೆ ಹೇಳಿ?

ಮನೆಯವರು ಯಾಕೆ ದೂರು ಕೊಡಲಿಲ್ಲ ಅನ್ನುವುದಕ್ಕೂ ಕಾರಣ ಇಲ್ಲೇ ಇದೆ. ಕೆಲವರು ಕೊಟ್ಟರು. ಎಷ್ಟೋ ಮನೆಗಳಲ್ಲಿ ಮರ್ಯಾದೆ ಹೋಗುತ್ತದೆ ಅಂತ ಸುಮ್ಮನಾದರು. ಎಲ್ಲೋ ಮದುವೆ ಮಾಡಿಕೊಂಡು ಚೆನ್ನಾಗಿದ್ದಾಳೆ ಅಂತ ಅಂದುಕೊಂಡರು. ಒಂದು ಬಾಯಿ ಕಡಿಮೆ ಆಯಿತು, ಮದುವೆ ಖರ್ಚು ಉಳಿಯಿತು ಅಂತಲೂ ಅಂದುಕೊಂಡಿರಬಹುದು. ಕಹಿ ಮಾತು, ಗೊತ್ತು. ಸರಣಿಯಲ್ಲೂ ಇದರ ನೆರಳು ಬರುತ್ತದೆ, ಮಗಳ ಹೆಸರೆತ್ತಿದರೆ ಮುಖ ತಿರುಗಿಸುವ ಮನೆಯವರು. ಆ ದೃಶ್ಯಗಳನ್ನು ಇನ್ನೂ ಸ್ವಲ್ಪ ಹೊತ್ತು ಬಿಡಬೇಕಿತ್ತು.

ಕೆಂಪು ಶಾಯಿ

ಈ ಒಂದು ಕಾಮೆಂಟಿಗಾಗಿಯೇ ಈ ಚರ್ಚೆ ಓದಬಹುದು.

ಗಿರ್‌ಗಿಟ್ಲೆ

ವಿಜಯ್ ವರ್ಮಾ ಮಾತ್ರ ಬೆಂಕಿ ಗುರು. ಆ ನಗು, ಆ ತಣ್ಣನೆಯ ಕಣ್ಣು! ಅವನ ದೃಶ್ಯಗಳನ್ನೆಲ್ಲ ಜೋಡಿಸಿ ಯಾರೋ ಹಿನ್ನೆಲೆ ಸಂಗೀತ ಹಾಕಿ ರೀಲ್ಸ್ ಮಾಡಿದ್ದಾರೆ, ನೋಡಿ. ಲಿಂಕ್ ಹಾಕಲಾ?

ನಿರ್ವಾಹಕ

ಲಿಂಕ್ ಬೇಡ. ನಟನೆಯ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಇನ್ನೊಂದು ಮನವಿ: ನಿಜ ಪ್ರಕರಣದಲ್ಲಿ ತೀರಿಕೊಂಡವರ ಹೆಸರು, ಫೋಟೋ, ಮನೆ ವಿವರ ಯಾರೂ ಹಾಕಬೇಡಿ. ಎರಡು ಕಾಮೆಂಟ್ ಅದಕ್ಕಾಗಿ ತೆಗೆದಿದ್ದೇನೆ.

ತೆಂಗಿನತೋಟ

ಮೇಲಿನ ರೀಲ್ಸ್ ಮಾತಿಗೇ ಬರುತ್ತೇನೆ. ನಾನು ಈ ಸರಣಿ ನೋಡಿಲ್ಲ, ನೋಡುವುದೂ ಇಲ್ಲ. ಇಂಥ ಯಾವುದನ್ನೂ ನೋಡುವುದು ಬಿಟ್ಟಿದ್ದೇನೆ. ಸತ್ತವರ ಅಕ್ಕತಂಗಿಯರು, ತಾಯಂದಿರು ಇನ್ನೂ ಇದ್ದಾರೆ. ಅವರ ಟಿವಿಯಲ್ಲೂ ಇದರ ಜಾಹೀರಾತು ಬರುತ್ತದೆ. ಅಮೆರಿಕದ ಸರಣಿ ಹಂತಕ ಡಾಮರ್ ಬಗ್ಗೆ 2022ರಲ್ಲಿ ನೆಟ್‌ಫ್ಲಿಕ್ಸ್ ಸರಣಿ ಮಾಡಿದಾಗ ಕೊಲೆಯಾದವರ ಕುಟುಂಬದವರೇ ಹೇಳಿದರು, ನಮ್ಮನ್ನು ಯಾರೂ ಕೇಳಲಿಲ್ಲ ಅಂತ. ಕೋರ್ಟಿನಲ್ಲಿ ಅತ್ತ ಹೆಣ್ಣುಮಗಳ ಮಾತು, ಬಟ್ಟೆ ಸಮೇತ ಹಾಗೇ ನಕಲು ಮಾಡಿದ್ದರು. ಕಥೆ ಹೇಳುವ ಹಕ್ಕು ಯಾರದ್ದು?

ನಮ್ಮಲ್ಲಿ ಕೇಳುವವರು ಕೋರ್ಟಿಗೆ ಹೋದರೆ ಮಾತ್ರ ಲೆಕ್ಕ. ವೀರಪ್ಪನ್ ಬಗ್ಗೆ ಬಂದ ‘ಅಟ್ಟಹಾಸ’ ನೆನಪಿದೆಯಾ? ಅವನ ಹೆಂಡತಿ ಸುಪ್ರೀಂ ಕೋರ್ಟ್ ತನಕ ಹೋದಳು, 2013ರಲ್ಲಿ 25 ಲಕ್ಷ ರೂಪಾಯಿ ಕೊಡುವಂತಾಯಿತು. ಕೊಂದವನ ಮನೆಯವರಿಗೆ ಅಷ್ಟು ದನಿ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಸತ್ತವರ ಮನೆಯವರಿಗೆ ವಕೀಲರ ಫೀಸು ಯಾರು ಕೊಡುತ್ತಾರೆ?

ಪುಸ್ತಕದ ಹುಳ

@ತೆಂಗಿನತೋಟ, ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ನನ್ನ ಪ್ರಕಾರ ‘ದಹಾಡ್’ ಆ ಸಾಲಿಗೆ ಸೇರುವುದಿಲ್ಲ. ಇದರಲ್ಲಿ ನಿಜವಾದ ಒಬ್ಬ ಹುಡುಗಿಯೂ ಇಲ್ಲ. ಹೆಸರು, ಊರು, ಮುಖ ಯಾವುದೂ ಇಲ್ಲ. ಉಪಾಯ ಮಾತ್ರ ತೆಗೆದುಕೊಂಡಿದ್ದಾರೆ. ಕೊಲೆಯನ್ನು ಹಸಿಹಸಿಯಾಗಿ ತೋರಿಸುವುದೂ ಇಲ್ಲ. ಕುಟುಂಬದವರ ಖಾಸಗಿತನ ಉಳಿಯಬೇಕಾದರೆ ಹೀಗೆ ದೂರ ಒಯ್ಯುವುದೇ ಸರಿಯಾದ ದಾರಿ ಅಲ್ವಾ? ಬಂಟ್ವಾಳದವರು ಕೇಳುವ ಹಾಗೆ ಅಲ್ಲೇ, ಆ ಚಿನ್ನ, ಆ ಬೀಡಿ ಎಲ್ಲ ಇಟ್ಟು ತೆಗೆದರೆ ಅಕ್ಕಪಕ್ಕದ ಮನೆಯವರಿಗೆ ಇವಳು ಯಾರು ಅಂತ ತಕ್ಷಣ ಗೊತ್ತಾಗುತ್ತದೆ.

ಬಂಟ್ವಾಳದವಳು

@ಪುಸ್ತಕದ ಹುಳ, ಗೊತ್ತಾಗಲಿ ಬಿಡಿ. ಅವರೇನು ತಪ್ಪು ಮಾಡಿದ್ದಾರಾ? ನಾಚಿಕೆಪಡಬೇಕಾದವರು ಅವರಾ?

ತೆಂಗಿನತೋಟ

ಅದನ್ನು ನೀವು, ನಾನು ತೀರ್ಮಾನ ಮಾಡುವಂತಿಲ್ಲ. ಅವರ ಮನೆಯಲ್ಲಿ ಮದುವೆಗೆ ಬಂದ ಇನ್ನೊಬ್ಬ ಹುಡುಗಿ ಇದ್ದರೆ?

ಬಂಟ್ವಾಳದವಳು

ಅದು ನಿಜ. ಅದಕ್ಕೆ ನನ್ನ ಬಾಯಿ ಕಟ್ಟಿತು.

ಜೋಳದ ರೊಟ್ಟಿ

ಸಣ್ಣ ಪ್ರಶ್ನೆ. ಅವನಿಗೆ ಗಲ್ಲು ಆಯಿತಾ? ಸರಣಿ ನೋಡಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಅದೇ ಕುತೂಹಲ.

ಹಳೇ ರೈಟರ್

ಆಗಲಿಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಗಲ್ಲು ಶಿಕ್ಷೆ ಕೊಟ್ಟಿತು. 2017ರಲ್ಲಿ ಹೈಕೋರ್ಟ್ ಅವುಗಳಲ್ಲಿ ಬಂಟ್ವಾಳದ ಹುಡುಗಿಯ ಪ್ರಕರಣದಲ್ಲಿ ಗಲ್ಲು ತೆಗೆದು ಜೀವಾವಧಿಗೆ ಇಳಿಸಿತು. ಉಳಿದ ಪ್ರಕರಣಗಳು ಒಂದೊಂದಾಗಿ ನಡೆದು 20ನೆಯದರ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಅಂದರೆ ಬಂಧನವಾಗಿ ಹತ್ತು ವರ್ಷ ದಾಟಿತ್ತು. ಇನ್ನೊಂದು ವಿಷಯ, ವಕೀಲರನ್ನು ಬಿಟ್ಟು ತನ್ನ ವಾದವನ್ನು ತಾನೇ ಮಾಡುತ್ತಿದ್ದ. ಮಾತ್ರೆ ತಿಂದೂ ಬದುಕಿ ಉಳಿದ ಒಬ್ಬ ಹೆಣ್ಣುಮಗಳು ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದಳು. ಅವನೆದುರು ನಿಂತು. ಯಾವ ಸರಣಿಯ ನಾಯಕಿಗೂ ಅಷ್ಟು ಧೈರ್ಯ ಬರೆಯಲು ಆಗುವುದಿಲ್ಲ ಅಂತ ನನ್ನ ಅನಿಸಿಕೆ.

ರಾತ್ರಿಪಾಳಿ

ಅಬ್ಬಾ. ಬದುಕಿ ಉಳಿದವಳ ಬಗ್ಗೆ ನನಗೆ ಗೊತ್ತೇ ಇರಲಿಲ್ಲ. ಸರಣಿಯಲ್ಲಿ ನ್ಯಾಯಾಲಯದ ಭಾಗಕ್ಕೆ ಜಾಗವೇ ಇಲ್ಲ. ಅಂಜಲಿ ಕೊನೆಗೆ ತನ್ನ ಮೇಘವಾಲ್ ಹೆಸರನ್ನು ವಾಪಸ್ ತೆಗೆದುಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯಿತು. ಅವಳ ಕಥೆಗೆ ಅದು ಒಳ್ಳೆಯ ಕೊನೆಯೇ. ಸತ್ತವರ ಮನೆಯವರಿಗೆ ಅಲ್ಲಿಂದ ಶುರು, ಸಾಕ್ಷಿ, ವಾಯಿದೆ, ಮತ್ತೆ ವಾಯಿದೆ.

ಕಾಡುಮಲ್ಲೇಶ್ವರ

ಎಲ್ಲ ಓದಿದೆ. ನನ್ನದೊಂದು. ನಮ್ಮ ಹತ್ತಿರದ ಸಂಬಂಧಿ ಹುಡುಗಿ ಒಮ್ಮೆ ಎರಡು ದಿನ ಮನೆಗೆ ಬರಲಿಲ್ಲ. ಠಾಣೆಗೆ ಹೋದರೆ ಮೊದಲ ಪ್ರಶ್ನೆ, ‘ಲವ್ ಏನಾದ್ರೂ ಇತ್ತಾ?’ ಎರಡನೆಯದು, ‘ಇನ್ನೆರಡು ದಿನ ನೋಡಿ, ಬರ್ತಾಳೆ’. ಅವಳು ಬಂದಳು, ಆ ಕಥೆ ಬೇರೆ. ಈ ಸರಣಿಯಲ್ಲಿ ಅಣ್ಣ ಬೆಂಚಿನ ಮೇಲೆ ಕೂತು ಕಾಯುವ ದೃಶ್ಯ ನೋಡಿ ನಮ್ಮ ಚಿಕ್ಕಪ್ಪ ಎದ್ದು ಹೊರಗೆ ಹೋದರು. ಹಾಗಾಗಿ ಸರಣಿ ನಿಧಾನ ಅಂದವರಿಗೆ ನಾನು ಹೇಳುವುದು ಇಷ್ಟೇ. ಕಾಯುವವರಿಗೆ ಅದು ಇನ್ನೂ ನಿಧಾನ.

ಹಳೇ ರೈಟರ್

@ಕಾಡುಮಲ್ಲೇಶ್ವರ, ಎಲ್ಲರಿಗೂ ಉಪಯೋಗ ಆಗಲಿ ಅಂತ ಹೇಳುತ್ತೇನೆ. ನಾಪತ್ತೆ ದೂರಿಗೆ ಇಷ್ಟು ಗಂಟೆ ಕಾಯಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. ಸರಹದ್ದು ನಮ್ಮದಲ್ಲ ಅಂತ ಎಫ್‌ಐಆರ್ ನಿರಾಕರಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಿಸಿ, ಪ್ರತಿ ಕೇಳಿ ಪಡೆಯಿರಿ. ಕೊಡದಿದ್ದರೆ ಎಸ್‌ಪಿ ಕಚೇರಿಗೆ ಲಿಖಿತವಾಗಿ ಕಳಿಸಿ.

ಗಿರ್‌ಗಿಟ್ಲೆ

ರೀಲ್ಸ್ ವಿಷಯಕ್ಕೆ ಬೇಜಾರಾಗಿದ್ದರೆ ಬಿಡಿ. ಆದರೆ ಒಂದು ಮಾತು. ನಟ ಚೆನ್ನಾಗಿ ಮಾಡಿದ್ದಕ್ಕೇ ಅಲ್ವಾ ನಿಮಗೆಲ್ಲ ಇಷ್ಟು ಅಸಹ್ಯ ಆಗಿದ್ದು? ಅವನು ಮನೆಯಲ್ಲಿ ಮಗನ ಜೊತೆ ಮಾತಾಡುವ ದೃಶ್ಯಗಳು ನನಗೆ ಕೊಲೆಗಿಂತ ಭಯ ಹುಟ್ಟಿಸಿದವು. ನಮ್ಮ ಕಾಲೇಜಿನ ಒಬ್ಬ ಸರ್ ಹಾಗೇ ಮಾತಾಡುತ್ತಿದ್ದರು. ಅಷ್ಟೇ ಮೆತ್ತಗೆ.

ಫಿಲ್ಟರ್ ಕಾಫಿ

ಈಗ ಮುಖ್ಯ ಪ್ರಶ್ನೆ. ಕನ್ನಡದಲ್ಲಿ ಇದನ್ನು ಯಾಕೆ ಯಾರೂ ಮಾಡಲಿಲ್ಲ? ಬರ್ಲಿನ್ ಚಿತ್ರೋತ್ಸವದ ಸರಣಿ ಸ್ಪರ್ಧೆಗೆ ಹೋದ ಮೊದಲ ಭಾರತೀಯ ಸರಣಿ ಇದು, ಕಥೆ ನಮ್ಮ ಜಿಲ್ಲೆಯದು. ನಮ್ಮವರು ಇಂಥ ಪ್ರಕರಣ ಮುಟ್ಟಿದರೆ ದಂಡುಪಾಳ್ಯದ ಹಾಗೆ ರಕ್ತ, ಕಿರುಚಾಟ, ಆಮೇಲೆ ಭಾಗ ಎರಡು.

ಕೆಂಪು ಶಾಯಿ

ಮಾಡುವುದಾದರೆ ಪೊಲೀಸಿನವರಿಂದ ಶುರು ಮಾಡಬಾರದು. ಬಸ್ ನಿಲ್ದಾಣದ ಶೌಚಾಲಯ ತೊಳೆಯುವ ಹೆಂಗಸಿನಿಂದ ಶುರು ಮಾಡಬೇಕು. ಎರಡನೇ ಹೆಣ ನೋಡಿದಾಗಲೇ ಅವಳಿಗೆ ಅನುಮಾನ ಬಂದಿರುತ್ತದೆ. ಹೇಳುತ್ತಾಳೆ, ಯಾರೂ ಕೇಳುವುದಿಲ್ಲ. ಕೊಲೆಗಾರನ ಮುಖ ಕೊನೆಯ ತನಕ ತೋರಿಸುವುದೇ ಬೇಡ.

ಹುಬ್ಬಳ್ಳಿ ಮಂದಿ

ಅದನ್ನ ಯಾರು ರೊಕ್ಕಾ ಹಾಕಿ ತೆಗೀತಾರ್ರೀ? ಹೀರೋ ಎಲ್ಲಿ ಅಂತ ಕೇಳ್ತಾರ.

ಬಂಟ್ವಾಳದವಳು

ನಾನು ನೋಡುತ್ತೇನೆ. ಒಂದೇ ಷರತ್ತು, ಮಾತು ನಮ್ಮ ಕನ್ನಡದಲ್ಲಿ ಇರಬೇಕು, ತುಳು ಬರುವ ಕಡೆ ತುಳು ಬರಬೇಕು.

ತೆಂಗಿನತೋಟ

ಮಾಡುವ ಮೊದಲು ಆ 20 ಮನೆಗಳಿಗೆ ಹೋಗಿ ಕೇಳಿದರೆ, ಅವರು ಹೂಂ ಅಂದರೆ, ಆಗ ನಾನೂ ನೋಡುತ್ತೇನೆ.

ಹುಬ್ಬಳ್ಳಿ ಮಂದಿ

ಇಪ್ಪತ್ತೂ ಮನಿ ಹೂಂ ಅನ್ನಬೇಕಂದರ ಆ ಸಿನಿಮಾ ಆಗೂದಿಲ್ಲ ಬಿಡ್ರಿ.

ತೆಂಗಿನತೋಟ

ಆಗದಿದ್ದರೆ ಬೇಡ.